ಓದಿ ಹೇಳಿ, ಆಮೇಲೆ ಸಹಿ: ಟಿಟಿಎಸ್ ಮತ್ತು ಇ-ಸಹಿಯನ್ನು ಜೋಡಿಸುವ ಬಗೆ

ಟಿಟಿಎಸ್ ಅಂದರೆ ಬರಹವನ್ನು ಕಂಪ್ಯೂಟರ್ ದನಿಯಲ್ಲಿ ಓದಿ ಹೇಳುವ ಸೇವೆ, ಇ-ಸಹಿ ಅಂದರೆ ದಾಖಲೆಗೆ ಇಲೆಕ್ಟ್ರಾನಿಕ್ ಆಗಿ ಸಹಿ ಹಾಕಿಸುವುದು. ಮೊದಲ ಸಲ ಇವೆರಡರ ಜೋಡಣೆ ಮಾಡಿದಾಗ ಒಂದು ಎರರೂ ಬರಲಿಲ್ಲ. ಒಪ್ಪಂದದ ಪಿಡಿಎಫ್ ತಯಾರಾಯಿತು, ಅದನ್ನು ಓದಿ ಹೇಳುವ ಆಡಿಯೊ ತಯಾರಾಯಿತು, ಸಹಿಯ ಲಿಂಕ್ ಹೋಯಿತು, ಸಹಿಯೂ ಬಂತು. ನಾಲ್ಕು ದಿನ ಬಿಟ್ಟು ಒಬ್ಬರು ಕೇಳಿದರು: "ಆಡಿಯೊದಲ್ಲಿ ನೋಟಿಸ್ ಅವಧಿ 60 ದಿನ ಅಂತಿದೆ. ನಾನು ಸಹಿ ಹಾಕಿದ್ದರಲ್ಲಿ 30 ದಿನ ಇದೆಯಲ್ಲಾ?" ಕೊನೆ ಗಳಿಗೆಯಲ್ಲಿ ಕರಡು ತಿದ್ದಿದ್ದರು. ಪಿಡಿಎಫ್ ಮತ್ತೆ ತಯಾರಾಗಿತ್ತು, ಆಡಿಯೊ ಆಗಿರಲಿಲ್ಲ. ಅದನ್ನು ತಡೆಯುವ ಒಂದು ಸಾಲೂ ನನ್ನ ವರ್ಕ್‌ಫ್ಲೋದಲ್ಲಿ (ಕೆಲಸಗಳು ಒಂದರ ಹಿಂದೆ ಒಂದು ತಾನಾಗಿ ನಡೆಯುವ ಸರಣಿ) ಇರಲಿಲ್ಲ. ತಪ್ಪು ನನ್ನದೇ.

ಅಂದಿನಿಂದ ಒಂದೇ ಕಟ್ಟಳೆ ಇಟ್ಟುಕೊಂಡಿದ್ದೇನೆ. ಕಿವಿಗೆ ಬಿದ್ದದ್ದೂ ಸಹಿ ಬಿದ್ದದ್ದೂ ಒಂದೇ ಪ್ರತಿ ಆಗಿರಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ ಇರುವುದು. ಇಂಥ ಸರಣಿ ಕಟ್ಟಿಕೊಡುವ ಝೇಪಿಯರ್, ಮೇಕ್, ಎನ್‌8ಎನ್ ಸೇವೆಗಳಲ್ಲಿ ನೀವು ಯಾವುದರಲ್ಲಾದರೂ ಮಾಡಿ, ನೇರ ಕೋಡ್ ಬರೆದಾದರೂ ಮಾಡಿ. ಕ್ರಮ ಬದಲಾಗುವುದಿಲ್ಲ.

ಹಂತ 1: ದನಿ ಎಲ್ಲಿ ಬೇಕು ಅಂತ ಮೊದಲು ತೀರ್ಮಾನಿಸಿ

ದನಿಯನ್ನು ಮೂರು ಕಡೆ ಸೇರಿಸಬಹುದು. ಸಹಿಗೆ ಮುಂಚೆ ಒಪ್ಪಂದವನ್ನು ಓದಿ ಹೇಳಲು, ಸಹಿ ತಡವಾದರೆ ಫೋನಿನಲ್ಲಿ ನೆನಪಿಸಲು, ಸಹಿ ಮುಗಿದ ಮೇಲೆ "ಆಯಿತು" ಅಂತ ತಿಳಿಸಲು. ಮೂರನೆಯದು ಯಾರಿಗೂ ಬೇಡ, ಒಂದು ಇಮೇಲ್ ಸಾಕು. ಎರಡನೆಯದರಲ್ಲಿ ಕಾನೂನಿನ ಮುಳ್ಳಿದೆ, ಕೊನೆಯಲ್ಲಿ ಹೇಳುತ್ತೇನೆ. ನಿಜವಾಗಿ ಉಪಯೋಗಕ್ಕೆ ಬರುವುದು ಮೊದಲನೆಯದು. ಕಣ್ಣು ಮಂಜಾದವರು, ಉದ್ದ ಬರಹ ಓದಲು ಕಷ್ಟಪಡುವವರು, ಭಾಷೆಯನ್ನು ಮಾತಾಡಬಲ್ಲರು ಆದರೆ ಲಿಪಿ ಅಷ್ಟಾಗಿ ಗೊತ್ತಿಲ್ಲದವರು, ಇವರಿಗೆಲ್ಲ ಕೇಳುವುದೇ ಸುಲಭ.

ಆದರೆ ಆಡಿಯೊ ಬಂತು ಅಂತ ಬರಹವನ್ನು ಕೈಬಿಡುವ ಹಾಗಿಲ್ಲ. ಅಮೆರಿಕದ 2000ನೇ ಇಸವಿಯ ಇ-ಸೈನ್ ಕಾಯ್ದೆಯನ್ನೇ ನೋಡಿ. ಗ್ರಾಹಕರಿಗೆ ಬರಹದಲ್ಲಿ ಕೊಡಬೇಕಾದ ಮಾಹಿತಿಯನ್ನು ಇಲೆಕ್ಟ್ರಾನಿಕ್ ರೂಪದಲ್ಲಿ ಕೊಡುವಾಗ, ಬಾಯಿಮಾತಾಗಲಿ ಅದರ ರೆಕಾರ್ಡಿಂಗ್ ಆಗಲಿ ಇಲೆಕ್ಟ್ರಾನಿಕ್ ದಾಖಲೆ ಎನಿಸುವುದಿಲ್ಲ ಎಂದು ಅದು ಹೇಳುತ್ತದೆ. ಬೇರೆ ಕಾನೂನು ಒಪ್ಪಿದ್ದರೆ ಮಾತ್ರ ವಿನಾಯಿತಿ. ತಮಾಷೆ ಅಂದರೆ, ಇಲೆಕ್ಟ್ರಾನಿಕ್ ಸಹಿಯ ವ್ಯಾಖ್ಯೆಯಲ್ಲಿ ಇದೇ ಕಾಯ್ದೆ ಧ್ವನಿಯನ್ನೂ ಸೇರಿಸಿದೆ! ಅಂದರೆ ಒಬ್ಬರು ತಮ್ಮದೇ ದನಿಯಲ್ಲಿ, ಸಹಿ ಹಾಕುವ ಉದ್ದೇಶದಿಂದ ಒಪ್ಪಿಗೆ ಹೇಳಿದರೆ ಅದು ಸಹಿಯಾಗಬಹುದು. ಕಂಪ್ಯೂಟರ್ ದನಿ ಅವರ ಪರವಾಗಿ "ಒಪ್ಪಿದ್ದೇನೆ" ಅಂದರೆ ಅದಕ್ಕೆ ಅರ್ಥವಿಲ್ಲ. ನಮ್ಮ ಜೋಡಣೆಯಲ್ಲಿ ಯಂತ್ರದ ದನಿ ಓದಿ ಹೇಳುತ್ತದೆ, ಅಷ್ಟೇ.

ಹಂತ 2: ಓದುವ ಪಠ್ಯವನ್ನು ಪಿಡಿಎಫ್‌ನಿಂದ ಹೆಕ್ಕಬೇಡಿ

ಜಾಸ್ತಿ ಜನ ಎಡವುವುದು ಇಲ್ಲೇ. ಪಿಡಿಎಫ್ ಇದೆಯಲ್ಲಾ, ಅದರಿಂದ ಪಠ್ಯ ತೆಗೆದು ಟಿಟಿಎಸ್‌ಗೆ ಕೊಟ್ಟರಾಯಿತು ಅನ್ನಿಸುತ್ತದೆ. ಇಂಗ್ಲಿಷ್‌ನಲ್ಲಿ ಹೇಗೋ ನಡೆಯುತ್ತದೆ. ಕನ್ನಡದಲ್ಲಿ ಒತ್ತಕ್ಷರ ಒಂದು ಕಡೆ, ದೀರ್ಘ ಇನ್ನೊಂದು ಕಡೆ ಬೀಳುತ್ತವೆ. ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕಡತವಾದರೆ ಕೇಳಲೇಬೇಡಿ. ಪರದೆಯಲ್ಲಿ ಚಂದದ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದನ್ನು ಟಿಟಿಎಸ್ ಓದುವುದನ್ನು ಒಮ್ಮೆ ಕೇಳಿ, ನಕ್ಕು ಸಾಕಾಗುತ್ತದೆ. ಪುಟಗಳ ಅಡಿಬರಹ, ಪುಟಸಂಖ್ಯೆ, ಕೋಷ್ಟಕದ ಕಂಬಗಳೂ ನಡುನಡುವೆ ನುಗ್ಗುತ್ತವೆ.

ಹಾಗಾಗಿ ಮೂಲ ಒಂದೇ ಇರಲಿ. ಒಪ್ಪಂದದ ಟೆಂಪ್ಲೇಟ್ ಮತ್ತು ತುಂಬಬೇಕಾದ ವಿವರ (ಹೆಸರು, ದಿನಾಂಕ, ಅವಧಿ, ಮೊತ್ತ) ಎರಡನ್ನೂ ಯೂನಿಕೋಡ್‌ನಲ್ಲಿ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಕೇತ ಇರುವ ಪದ್ಧತಿ) ಇಟ್ಟುಕೊಳ್ಳಿ. ಅದೇ ಮೂಲದಿಂದ ಒಂದು ಕವಲು ಪಿಡಿಎಫ್ ಆಗಲಿ, ಇನ್ನೊಂದು ಕವಲು ಓದುವ ಪಠ್ಯ ಆಗಲಿ. ಹಳೆ ಫಾಂಟಿನ ಕಡತಗಳಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿ, ಒಬ್ಬರು ಕೂತು ಓದಿ ನೋಡಲಿ.

ಓದುವ ಪಠ್ಯಕ್ಕೆ ಒಂದಷ್ಟು ಶುಚಿ ಕೆಲಸ ಬೇಕು. ಕನ್ನಡದ 'ೋ' ಕಾರವನ್ನು ಕಂಪ್ಯೂಟರ್ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ "ಈ ಪದ ಬಂದರೆ ಹೀಗೆ ಓದು" ಅಂತ ನೀವು ಮಾಡಿಟ್ಟ ಪಟ್ಟಿಗೆ ಎರಡೂ ಬೇರೆ ಬೇರೆ. ಆದ್ದರಿಂದ ಎಲ್ಲಕ್ಕಿಂತ ಮೊದಲು ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ತುಂಡುಗಳು ಕೂಡಿ ಒಂದೇ ಸಂಕೇತವಾಗುವ ರೂಪಕ್ಕೆ ತನ್ನಿ. ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲಾದರೂ ಇದು ಒಂದು ಸಾಲಿನ ಕೆಲಸ.

ಆಮೇಲೆ ಅಂಕಿಗಳು. "1,25,000" ಅಂತ ಕೊಟ್ಟರೆ ಕೆಲವು ದನಿಗಳು ಅಲ್ಪವಿರಾಮದಲ್ಲಿ ಉಸಿರು ತೆಗೆದು "ಒಂದು... ಇಪ್ಪತ್ತೈದು" ಅನ್ನುತ್ತವೆ. "ಕಲಂ 4.2" ಇದ್ದರೆ ದಶಮಾಂಶ ಎಂದುಕೊಳ್ಳುತ್ತವೆ. "05/06" ಜೂನ್ ಐದೋ ಮೇ ಆರೋ ದೇವರೇ ಬಲ್ಲ. "ಡಾ.", "ನಂ." ಕಂಡರೆ ವಾಕ್ಯ ಮುಗಿಯಿತೆಂದು ನಿಲ್ಲುತ್ತವೆ. ಎಸ್‌ಎಸ್‌ಎಂಎಲ್‌ನಲ್ಲಿ ಇದಕ್ಕೆಲ್ಲ ಟ್ಯಾಗ್ ಇವೆ. ಅದು ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ 2004ರಲ್ಲಿ ಹೊರತಂದ, ಪಠ್ಯವನ್ನು ಹೇಗೆ ಓದಬೇಕೆಂದು ಟಿಟಿಎಸ್‌ಗೆ ಹೇಳುವ ಗುರುತು ಭಾಷೆ. ಟ್ಯಾಗ್ ಅಂದರೆ ಪಠ್ಯದ ನಡುವೆ ಹಾಕುವ ಗುರುತು. ನಿಲ್ಲಿಸಲು 'ಬ್ರೇಕ್', ಅಂಕಿ ದಿನಾಂಕಗಳಿಗೆ 'ಸೇ-ಆಸ್', ಬದಲಿ ಓದಿಗೆ 'ಸಬ್'. ಆದರೆ ಎಲ್ಲ ಕಂಪನಿಯ ಎಲ್ಲ ದನಿಗಳೂ ಎಲ್ಲ ಟ್ಯಾಗ್‌ಗಳನ್ನು ಪಾಲಿಸುವುದಿಲ್ಲ. ನನ್ನ ಮಾತು ಕೇಳುವುದಾದರೆ ಮೊತ್ತ, ದಿನಾಂಕ, ಕಲಂ ಸಂಖ್ಯೆಗಳನ್ನು ಓದುವ ಪಠ್ಯದಲ್ಲಿ ಅಕ್ಷರದಲ್ಲೇ ಬರೆದುಬಿಡಿ: "ಒಂದು ಲಕ್ಷದ ಇಪ್ಪತ್ತೈದು ಸಾವಿರ", "ನಾಲ್ಕನೇ ಕಲಂ, ಎರಡನೇ ಉಪಕಲಂ". ನಿಲುಗಡೆಗೆ ಮಾತ್ರ ಟ್ಯಾಗ್ ಸಾಕು.

ಪೂರ್ತಿ ಓದಿಸಬೇಕೋ ಸಾರಾಂಶ ಸಾಕೋ? ಐದಾರು ಪುಟದ ಒಳಗಿದ್ದರೆ ಪೂರ್ತಿ ಓದಿಸಿ. ಉದ್ದ ಇದ್ದರೆ ಸಾರಾಂಶ ಕೊಡಬಹುದು, ಆದರೆ ಅದನ್ನು ಎಐ ಕೈಲಿ ಪ್ರತಿ ಸಲ ಹೊಸದಾಗಿ ಬರೆಸಬೇಡಿ. ಸಾರಾಂಶದಲ್ಲಿ ಒಂದು ಷರತ್ತು ಬಿಟ್ಟುಹೋದರೆ "ನೀವು ಇದನ್ನು ಹೇಳಲೇ ಇಲ್ಲ" ಅನ್ನುವ ಹಕ್ಕು ಕೇಳಿದವರಿಗೆ ಇರುತ್ತದೆ. ಟೆಂಪ್ಲೇಟ್‌ಗೆ ಒಂದರಂತೆ ಸಾರಾಂಶ ಬರೆದು, ವಕೀಲರಿಂದ ನೋಡಿಸಿ, ಅದನ್ನೇ ಬಳಸಿ. ಪ್ರತಿ ಮಾತಿನ ಜೊತೆ ಕಲಂ ಸಂಖ್ಯೆ ಇರಲಿ. ಆಡಿಯೊಗೂ ಬರಹಕ್ಕೂ ವ್ಯತ್ಯಾಸ ಬಂದರೆ ಬರಹವೇ ಅಂತಿಮ ಎಂಬ ಸಾಲು ಎರಡರಲ್ಲೂ ಇರಲಿ.

ಹಂತ 3: ಮೊದಲು ಒಪ್ಪಂದ ಗಟ್ಟಿ ಮಾಡಿ, ಆಮೇಲೆ ದನಿ

ನನ್ನ ಹಳೆಯ ತಪ್ಪಿಗೆ ಮದ್ದು ಇದು. ಪ್ರತಿ ಒಪ್ಪಂದಕ್ಕೂ ಒಂದು ಕೆಲಸದ ಸಂಖ್ಯೆ ಕೊಡಿ, ಒಂದು ಸ್ಥಿತಿ ಕೊಡಿ: ಕರಡು, ಗಟ್ಟಿ, ದನಿ ಸಿದ್ಧ, ಕಳಿಸಿದೆ, ಮುಗಿದಿದೆ. ಕರಡಿನಲ್ಲಿ ಏನು ಬೇಕಾದರೂ ತಿದ್ದಲಿ. ಒಪ್ಪಿಗೆ ಕೊಡುವವರು ಬಟನ್ ಒತ್ತಿದ ಮೇಲೆ ಅದು ಗಟ್ಟಿ, ಆಮೇಲೆ ತಿದ್ದುವಂತಿಲ್ಲ. ಆ ಗಳಿಗೆಯಲ್ಲಿ ಪಿಡಿಎಫ್ ಒಂದೇ ಸಲ ತಯಾರಾಗಿ ಜೋಪಾನವಾಗಬೇಕು, ಅದರ ಎಸ್‌ಎಚ್‌ಎ-256 ಹ್ಯಾಶ್ ಲೆಕ್ಕ ಹಾಕಿ ಬರೆದಿಡಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ. 64 ಅಕ್ಷರ-ಅಂಕಿಗಳ ಸಾಲು, ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಪೂರ್ತಿ ಬೇರೆಯಾಗುತ್ತದೆ. ಓದುವ ಪಠ್ಯಕ್ಕೂ ಅದೇ ಹೊತ್ತಿಗೆ ಹ್ಯಾಶ್ ಹಾಕಿ, ಎರಡನ್ನೂ ಒಂದೇ ಸಾಲಿನಲ್ಲಿ ಇಡಿ.

"ಬೇಕಾದಾಗ ಮತ್ತೆ ಪಿಡಿಎಫ್ ಮಾಡಿಕೊಂಡರಾಯಿತು, ಟೆಂಪ್ಲೇಟ್ ಅದೇ ಅಲ್ವಾ?" ಅನ್ನಬೇಡಿ. ತಯಾರಾದ ಸಮಯ, ಒಳಗಿನ ಗುರುತು ಸಂಖ್ಯೆ ಫೈಲಿನಲ್ಲೇ ಕೂತಿರುತ್ತವೆ. ಅದೇ ಮಾತು, ಅದೇ ಪುಟ, ಆದರೂ ಹ್ಯಾಶ್ ಬೇರೆ ಬರುತ್ತದೆ. ಗಟ್ಟಿಯಾದ ಮೇಲೆ ತಿದ್ದಬೇಕಾಗಿ ಬಂದರೆ ಹೊಸ ಕೆಲಸದ ಸಂಖ್ಯೆ, ಹೊಸ ಪಿಡಿಎಫ್, ಹೊಸ ಆಡಿಯೊ. ಹಳೆಯದು ರದ್ದು. ಅಡ್ಡದಾರಿ ಬೇಡ.

ಒಂದು ಚಿಕ್ಕ ಪೇಚು. ಆಡಿಯೊ ಲಿಂಕನ್ನು ಅಥವಾ ಕ್ಯೂಆರ್ ಕೋಡನ್ನು ಪಿಡಿಎಫ್ ಒಳಗೇ ಹಾಕುವ ಆಸೆ ಇರುತ್ತದೆ. ಆದರೆ ಆಡಿಯೊ ತಯಾರಾಗುವುದು ಪಿಡಿಎಫ್ ಗಟ್ಟಿಯಾದ ಮೇಲೆ. ಇದಕ್ಕೆ ಕೆಲಸದ ಸಂಖ್ಯೆ ಮೇಲೆ ವಿಳಾಸವನ್ನು ಮುಂಚೆಯೇ ಕಾದಿರಿಸಿ. ಪಿಡಿಎಫ್‌ನಲ್ಲಿ ಆ ವಿಳಾಸ ಹಾಕಿ, ಆಡಿಯೊ ಸಿದ್ಧವಾದ ಮೇಲೆ ಅಲ್ಲಿಗೆ ಸೇರಿಸಿ. ವಿಳಾಸದಲ್ಲಿ 101, 102 ಅಂತ ಸರದಿ ಸಂಖ್ಯೆ ಬೇಡ, ಯಾರೂ ಊಹಿಸಲಾಗದ ಉದ್ದ ಗುರುತಿರಲಿ.

ಹಂತ 4: ದನಿ ತಯಾರಿಸುವುದು

ಕನ್ನಡ ದನಿ ಗೂಗಲ್ ಕ್ಲೌಡ್‌ನಲ್ಲೂ ಇದೆ, ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲೂ ಇದೆ. ಅಜೂರ್‌ನವು ಸಪ್ನಾ ಮತ್ತು ಗಗನ್. ಆಯ್ಕೆ ಮಾಡುವಾಗ ಇಂಪನ್ನು ನೋಡಬೇಡಿ, ಅಂಕಿ ಮತ್ತು ಹೆಸರು ಸರಿಯಾಗಿ ಓದುತ್ತದಾ ಅಂತ ನೋಡಿ.

ಮಿತಿಗಳನ್ನು ಮೊದಲೇ ತಿಳಿದುಕೊಳ್ಳಿ. ಗೂಗಲ್‌ನ ಸಾಮಾನ್ಯ ಕೋರಿಕೆಯೊಂದಕ್ಕೆ 5000 ಬೈಟ್ ಮಿತಿ. ಅಕ್ಷರ ಅಲ್ಲ, ಬೈಟ್, ಅಂದರೆ ಕಂಪ್ಯೂಟರ್‌ನಲ್ಲಿ ಜಾಗ ಎಣಿಸುವ ಅಳತೆ. ಯೂನಿಕೋಡನ್ನು ಕಡತದಲ್ಲಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಒತ್ತು, ಕಾಗುಣಿತ ಎಲ್ಲವೂ ಬೇರೆ ಬೇರೆ ಸಂಕೇತಗಳು. "ಒಪ್ಪಂದ" ಎಂಬ ಪುಟ್ಟ ಪದಕ್ಕೇ 6 ಸಂಕೇತ, 18 ಬೈಟ್. ಇಂಗ್ಲಿಷ್‌ನಲ್ಲಿ ಪರೀಕ್ಷೆ ಮಾಡಿ ಪಾಸಾದ ವರ್ಕ್‌ಫ್ಲೋ ಕನ್ನಡಕ್ಕೆ ಬಂದೊಡನೆ ಬೀಳುವುದು ಇದರಿಂದಲೇ. ಅಮೆಜಾನ್‌ನ ಟಿಟಿಎಸ್ ಸೇವೆ ಪಾಲಿಯ ನೇರ ಕೋರಿಕೆ ಅಕ್ಷರ ಎಣಿಸುತ್ತದೆ, 3000ದವರೆಗೆ. ಅಜೂರ್‌ನ ನೇರ ಕೋರಿಕೆ ಹೊರಬರುವ ಆಡಿಯೊ ಉದ್ದ ನೋಡುತ್ತದೆ, 10 ನಿಮಿಷ.

ಹೇಗಿದ್ದರೂ ಪಠ್ಯವನ್ನು ತುಂಡು ಮಾಡಲೇಬೇಕು. ಕಲಂಗೆ ಒಂದು ತುಂಡು ಮಾಡಿ, ಮಿತಿ ಮೀರುವ ಕಲಂ ಇದ್ದರೆ ವಾಕ್ಯದ ಕೊನೆಯಲ್ಲಿ ಮುರಿಯಿರಿ. ಲೆಕ್ಕದ ಪ್ರಕಾರ ನಡು ವಾಕ್ಯದಲ್ಲಿ ಕತ್ತರಿಸಿದರೆ ದನಿಯ ಏರಿಳಿತ ಕೆಡುತ್ತದೆ. ಕಲಂವಾರು ತುಂಡುಗಳಿಂದ ಇನ್ನೊಂದು ಲಾಭವಿದೆ. ಎಲ್ಲರಿಗೂ ಒಂದೇ ಆಗಿರುವ ಕಲಂಗಳನ್ನು ಒಂದು ಸಲ ತಯಾರಿಸಿ ಇಟ್ಟುಕೊಂಡು, ಹೆಸರು ಮೊತ್ತ ಇರುವ ತುಂಡನ್ನು ಮಾತ್ರ ಪ್ರತಿ ಸಲ ತಯಾರಿಸಬಹುದು. ಖರ್ಚೂ ಕಡಿಮೆ, ಜನರ ಖಾಸಗಿ ವಿವರ ಹೊರಗಿನ ಸರ್ವರ್‌ಗೆ ಹೋಗುವುದೂ ಕಡಿಮೆ. ಕೇಳುವವರೂ ಬೇಕಾದ ಕಲಂಗೆ ನೇರ ಹೋಗಬಹುದು.

ಜೋಡಿಸುವಾಗ ಎಲ್ಲ ತುಂಡುಗಳೂ ಒಂದೇ ದನಿ, ಒಂದೇ ವೇಗ, ಒಂದೇ ಸ್ಯಾಂಪಲ್ ರೇಟ್ (ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆದು ದಾಖಲಿಸಿದೆ ಎಂಬ ಲೆಕ್ಕ) ಇರಲಿ. 22,050 ಹರ್ಟ್ಸ್‌ನ ತುಂಡಿಗೆ 24,000ದ್ದನ್ನು ಸುಮ್ನೆ ಅಂಟಿಸಿದರೆ ಒಂದು ಭಾಗ ಎಳೆದಂತೆ ಅಥವಾ ಓಡಿದಂತೆ ಕೇಳಿಸಬಹುದು. ಎಂಪಿ3 ತುಂಡುಗಳನ್ನು ಸೇರಿಸಿದರೆ ಸಂದಿಯಲ್ಲಿ ಸಣ್ಣ ಬಿಕ್ಕು ಬರುತ್ತದೆ. ಕುಗ್ಗಿಸದ ವೇವ್ ರೂಪದಲ್ಲಿ ಪಡೆದು, ಎಫ್‌ಎಫ್‌ಎಂಪೆಗ್ ಎಂಬ ಆಡಿಯೊ-ವೀಡಿಯೊ ತಂತ್ರಾಂಶದಲ್ಲಿ ಸೇರಿಸಿ, ಕೊನೆಗೆ ಒಂದೇ ಸಲ ಎಂಪಿ3 ಮಾಡಿ.

ಶುರುವಿನಲ್ಲಿ ಎರಡು ಸಾಲು ಇರಲಿ: ಇದು ಕಂಪ್ಯೂಟರ್ ದನಿ, ಇಂಥ ಸಂಖ್ಯೆಯ ದಾಖಲೆಯ ಇಂಥ ದಿನದ ಪ್ರತಿಯನ್ನು ಓದುತ್ತಿದೆ. ಮಾಲೀಕರ ದನಿಯನ್ನೇ ನಕಲು ಮಾಡಿ ಓದಿಸಿದರೆ ಆಪ್ತವಾಗಿರುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. "ಪರಿಚಿತ ದನಿ ಹೇಳಿದರೆ ಸಹಿ ಹಾಕಬಹುದು" ಅಂತ ಜನರಿಗೆ ನಾವೇ ಅಭ್ಯಾಸ ಮಾಡಿಸಿದ ಹಾಗಾಗುತ್ತದೆ. ಮೋಸಗಾರರಿಗೆ ಬೇಕಾಗಿರುವುದೂ ಅದೇ.

ತಯಾರಾದ ಫೈಲಿಗೂ ಹ್ಯಾಶ್ ಹಾಕಿ, ಫೈಲನ್ನೇ ಇಟ್ಟುಕೊಳ್ಳಿ. ಕಂಪನಿಗಳು ದನಿಗಳನ್ನು ಆಗಾಗ ಹೊಸದು ಮಾಡುತ್ತವೆ. ಎರಡು ವರ್ಷ ಬಿಟ್ಟು ಅದೇ ಪಠ್ಯ ಕೊಟ್ಟರೆ ಅದೇ ಆಡಿಯೊ ಬರುವ ಖಾತ್ರಿ ಇಲ್ಲ.

ಹಂತ 5: ಸಹಿಗೆ ಕಳಿಸುವುದು

ಕಳಿಸುವ ಮೊದಲು ಒಂದು ತಡೆಗೇಟು ಹಾಕಿ. ಕಳಿಸಲಿರುವ ಪಿಡಿಎಫ್‌ನ ಹ್ಯಾಶ್ ಮತ್ತೆ ಲೆಕ್ಕ ಹಾಕಿ. ಆಡಿಯೊ ಜೊತೆ ಬರೆದಿಟ್ಟ ಹ್ಯಾಶ್‌ಗೆ ಹೊಂದಿದರೆ ಮುಂದೆ, ಇಲ್ಲದಿದ್ದರೆ ನಿಲ್ಲಿಸಿ ಮನುಷ್ಯರಿಗೆ ತಿಳಿಸಿ. ಈ ಒಂದು ಹೋಲಿಕೆ ಇದ್ದಿದ್ದರೆ ನನ್ನ 60-30ರ ಕಥೆ ನಡೆಯುತ್ತಿರಲಿಲ್ಲ.

ಡಾಕ್ಯುಸೈನ್, ಅಡೋಬಿ ಆಕ್ರೊಬ್ಯಾಟ್ ಸೈನ್, ಡ್ರಾಪ್‌ಬಾಕ್ಸ್ ಸೈನ್, ಜೊಹೊ ಸೈನ್, ಈ ಇ-ಸಹಿ ಸೇವೆಗಳೆಲ್ಲಕ್ಕೂ ಎಪಿಐ ಇದೆ, ಅಂದರೆ ನಿಮ್ಮ ಪ್ರೋಗ್ರಾಂ ಅವುಗಳ ಜೊತೆ ನೇರ ಮಾತಾಡುವ ದಾರಿ. ಕಳಿಸುವಾಗ ನಿಮ್ಮ ಕೆಲಸದ ಸಂಖ್ಯೆಯನ್ನೂ ಅದರ ಹೆಚ್ಚುವರಿ ವಿವರವಾಗಿ ಸೇರಿಸಿ. ಡಾಕ್ಯುಸೈನ್‌ನಲ್ಲಿ ಕಸ್ಟಮ್ ಫೀಲ್ಡ್, ಡ್ರಾಪ್‌ಬಾಕ್ಸ್ ಸೈನ್‌ನಲ್ಲಿ ಮೆಟಾಡೇಟಾ ಅನ್ನುತ್ತಾರೆ. ಇಮೇಲ್ ಅಥವಾ ಹೆಸರು ನೋಡಿ ಹುಡುಕುವ ಜೋಡಣೆ ಮಾಡಿದರೆ, ಒಬ್ಬರೇ ಎರಡು ಒಪ್ಪಂದಕ್ಕೆ ಸಹಿ ಹಾಕುವ ದಿನ ಗೊಂದಲವಾಗುತ್ತದೆ.

ಆಡಿಯೊ ಕೇಳುವ ಪುಟದಲ್ಲೇ ಸಹಿ ಬಟನ್ ಇಟ್ಟರೆ ಚೆನ್ನ. ಆದರೆ ಹುಷಾರು. ಡಾಕ್ಯುಸೈನ್‌ನಲ್ಲಿ ನಿಮ್ಮ ಪುಟದಿಂದಲೇ ಸಹಿಗೆ ಕರೆದೊಯ್ಯುವ ಲಿಂಕ್ 5 ನಿಮಿಷ ಮಾತ್ರ ಬದುಕುತ್ತದೆ, ಒಂದೇ ಸಲ ಬಳಕೆಗೆ. ಪುಟ ತೆರೆದ ಕೂಡಲೇ ಆ ಲಿಂಕ್ ತಂದಿಟ್ಟು, ಅವರು 12 ನಿಮಿಷದ ಆಡಿಯೊ ಕೇಳಿ ಬಟನ್ ಒತ್ತಿದರೆ? ಅವಧಿ ಮೀರಿದ ಸಂದೇಶ ಕಾಣುತ್ತದೆ. ಅದೂ ನಿಧಾನವಾಗಿ, ಗಮನವಿಟ್ಟು ಕೇಳಿದವರಿಗೇ. ಬಟನ್ ಒತ್ತಿದಾಗ ಮಾತ್ರ ಲಿಂಕ್ ತನ್ನಿ.

ಆಡಿಯೊ ಲಿಂಕಿನದೂ ಅದೇ ಪಾಡು. ಅಮೆಜಾನ್‌ನ ಫೈಲ್ ಇಡುವ ಸೇವೆ ಎಸ್3ರ ತಾತ್ಕಾಲಿಕ ಲಿಂಕ್ ಹೆಚ್ಚೆಂದರೆ 7 ದಿನ. ಹತ್ತನೇ ದಿನ ನೆನಪೋಲೆ ಹೋದಾಗ ದಾಖಲೆ ತೆರೆಯುತ್ತದೆ, ದನಿ ಇಲ್ಲ. ಇಮೇಲ್‌ನಲ್ಲಿ ನಿಮ್ಮದೇ ಪುಟದ ವಿಳಾಸ ಕೊಡಿ. ಯಾರು ಬಂದರು ಎಂದು ಆ ಪುಟ ನೋಡಿಕೊಂಡು, ಆಗಿಂದಾಗ ಹೊಸ ತಾತ್ಕಾಲಿಕ ಲಿಂಕ್ ಮಾಡಿಕೊಡಲಿ.

ಪುಟ ತೆರೆದ ಕೂಡಲೇ ಆಡಿಯೊ ತಾನಾಗಿ ಶುರುವಾಗಬಾರದು. ಸ್ಕ್ರೀನ್ ರೀಡರ್ (ಪರದೆಯಲ್ಲಿ ಇರುವುದನ್ನು ಓದಿ ಹೇಳುವ ತಂತ್ರಾಂಶ) ಬಳಸುವವರಿಗೆ ಎರಡು ದನಿ ಒಟ್ಟಿಗೆ ಕೇಳಿಸಿ ತಲೆಕೆಡುತ್ತದೆ. ಅಂಥವರಿಗೆ ನಿಮ್ಮ ಆಡಿಯೊಗಿಂತ ಶೀರ್ಷಿಕೆ, ಪ್ಯಾರಾ, ಕೋಷ್ಟಕ ಯಾವುದೆಂದು ಒಳಗೇ ಸರಿಯಾಗಿ ಟ್ಯಾಗ್ ಮಾಡಿದ ಪಿಡಿಎಫ್ ಮುಖ್ಯ, ಅದನ್ನು ಮರೆಯಬೇಡಿ. ಪೂರ್ತಿ ಕೇಳುವ ತನಕ ಸಹಿ ಬಟನ್ ಬೀಗ ಹಾಕಿಡುವುದೂ ಬೇಡ. ಓದಿ ಮುಗಿಸಿದವರನ್ನು ಕಾಯಿಸಿ ಏನು ಲಾಭ? ಲಾಗ್‌ನಲ್ಲಿ "ಆಡಿಯೊ ಕೊನೆವರೆಗೆ ಪ್ಲೇ ಆಯಿತು" ಅಂತ ಬರೆಯಿರಿ. "ಅರ್ಥ ಮಾಡಿಕೊಂಡರು" ಅಂತ ಬರೆಯಬೇಡಿ. ನಮಗೆ ಗೊತ್ತಿರುವುದು ಮೊದಲನೆಯದು ಮಾತ್ರ.

ಹಂತ 6: ವೆಬ್‌ಹುಕ್

ಸಹಿ ಆಯಿತಾ ಅಂತ ಐದೈದು ನಿಮಿಷಕ್ಕೆ ಕೇಳುತ್ತಾ ಕೂರಬೇಡಿ. ಇ-ಸಹಿ ಸೇವೆಗಳು ಸ್ಥಿತಿ ಬದಲಾದಾಗ ತಾವೇ ನಿಮ್ಮ ವೆಬ್ ವಿಳಾಸಕ್ಕೆ ಸಂದೇಶ ಕಳಿಸುತ್ತವೆ. ವೆಬ್‌ಹುಕ್ ಅಂದರೆ ಇದೇ. ಎನ್‌8ಎನ್‌ನಲ್ಲಿ ಕಾಯುವ ನೋಡ್ (ವರ್ಕ್‌ಫ್ಲೋದ ಒಂದು ಹೆಜ್ಜೆ) ಇಟ್ಟರೆ ವರ್ಕ್‌ಫ್ಲೋ ಅಲ್ಲೇ ಮಲಗಿದ್ದು ಸಂದೇಶ ಬಂದಾಗ ಏಳುತ್ತದೆ.

ಪದಗಳ ಅರ್ಥ ಮಾತ್ರ ಸರಿಯಾಗಿ ತಿಳಿದುಕೊಳ್ಳಿ. ಡಾಕ್ಯುಸೈನ್‌ನಲ್ಲಿ 'ಡೆಲಿವರ್ಡ್' ಅಂದರೆ ಇಮೇಲ್ ತಲುಪಿತು ಅಂತಲ್ಲ, ದಾಖಲೆ ತೆರೆದು ನೋಡಿದರು ಅಂತ. ನೆನಪೋಲೆಯ ಲೆಕ್ಕಾಚಾರ ತಪ್ಪು ಅರ್ಥದ ಮೇಲೆ ನಿಂತಿದ್ದರೆ ಎಲ್ಲ ತಲೆಕೆಳಗಾಗುತ್ತದೆ. 'ಕಂಪ್ಲೀಟೆಡ್' ಬಂದರೆ ಮಾತ್ರ ಮುಗಿದಂತೆ. 'ಡಿಕ್ಲೈನ್ಡ್' (ಸಹಿಗೆ ಒಲ್ಲೆ ಅಂದರು) ಮತ್ತು 'ವಾಯ್ಡೆಡ್'ಗೂ (ಕಳಿಸಿದವರೇ ರದ್ದು ಮಾಡಿದರು) ಒಂದೊಂದು ದಾರಿ ಮಾಡಿಡಿ. ರದ್ದಾದ ಒಪ್ಪಂದದ ಆಡಿಯೊ ಪುಟ ಆ ಕೂಡಲೇ ಮುಚ್ಚಬೇಕು.

ಒಂದೇ ಸಂದೇಶ ಎರಡು ಸಲ ಬರಬಹುದು, ಹಿಂದುಮುಂದಾಗಿಯೂ ಬರಬಹುದು. ಬಂದ ಕೂಡಲೇ 200 (ವೆಬ್‌ನಲ್ಲಿ 'ಸರಿ, ತಲುಪಿತು' ಎನ್ನುವ ಸಂಕೇತ) ಅಂತ ಉತ್ತರ ಕೊಟ್ಟು, ಸಂದೇಶವನ್ನು ಸರದಿಗೆ ಹಾಕಿ, ಕೆಲಸ ಆಮೇಲೆ ಮಾಡಿ. ಮುಗಿದದ್ದು ಮತ್ತೆ 'ಕಳಿಸಿದೆ' ಸ್ಥಿತಿಗೆ ಇಳಿಯದಂತೆ ನೋಡಿಕೊಳ್ಳಿ. ಸಂದೇಶ ನಿಜವಾಗಿ ಅವರಿಂದಲೇ ಬಂತಾ ಎಂದು ಎಚ್‌ಮ್ಯಾಕ್ ಗುರುತು (ನಿಮಗೂ ಅವರಿಗೂ ಮಾತ್ರ ಗೊತ್ತಿರುವ ಗುಟ್ಟಿನ ಕೀಲಿಯಿಂದ ಮಾಡಿದ ಹ್ಯಾಶ್) ಹೊಂದಿಸಿ ನೋಡುವುದನ್ನು ಬಿಡಬೇಡಿ. ಇಲ್ಲವಾದರೆ ನಿಮ್ಮ ವಿಳಾಸ ತಿಳಿದ ಯಾರು ಬೇಕಾದರೂ "ಸಹಿ ಆಯಿತು" ಅಂತ ಕಳಿಸಬಹುದು.

ಹಂತ 7: ಜೋಪಾನ ಮಾಡುವುದು

ಸಹಿಯಾದ ಪಿಡಿಎಫ್, ಅದರ ಜೊತೆ ಬರುವ ಸಹಿ ಇತಿಹಾಸದ ಪ್ರಮಾಣಪತ್ರ, ಮೂಲ ಪಿಡಿಎಫ್, ಓದುವ ಪಠ್ಯ, ಆಡಿಯೊ, ಹ್ಯಾಶ್‌ಗಳ ಸಾಲು, ಎಲ್ಲ ಒಂದೇ ಫೋಲ್ಡರ್‌ಗೆ. ಸಹಿಯಾದ ಪಿಡಿಎಫ್‌ನ ಹ್ಯಾಶ್ ಮೂಲದ್ದಕ್ಕೆ ಹೊಂದುವುದಿಲ್ಲ, ಗಾಬರಿ ಬೇಡ. ಸೇವೆಯವರು ಅದಕ್ಕೆ ಸಹಿ, ಗುರುತು ಸಂಖ್ಯೆ ಎಲ್ಲ ಸೇರಿಸಿರುತ್ತಾರೆ. ಅದಕ್ಕೆ ಬೇರೆ ಹ್ಯಾಶ್ ಬರೆದಿಡಿ. ಸಹಿಯಾದ ಫೈಲನ್ನು ತೆರೆದು ಆಡಿಯೊ ಲಿಂಕ್ ಸೇರಿಸುವುದು, ಪುಟ ಸಣ್ಣದು ಮಾಡುವುದು ಏನೂ ಮಾಡಬೇಡಿ. ಡಿಜಿಟಲ್ ಸಹಿ ಮುರಿಯುತ್ತದೆ.

ಓಡಿಸುವ ಮೊದಲು ಪರೀಕ್ಷೆ

ಡಾಕ್ಯುಸೈನ್‌ಗೆ ಬೇರೆಯೇ ಡೆಮೊ ಖಾತೆ ಇದೆ, ಅಲ್ಲಿಯ ಸಹಿಗೆ ಕಾನೂನಿನ ಬಲ ಇಲ್ಲ. ಬೇಕಾದಷ್ಟು ಆಟ ಆಡಿ. ಗಟ್ಟಿಯಾದ ಮೇಲೆ ಬೇಕಂತಲೇ ಒಂದು ಕಲಂ ತಿದ್ದಿ, ತಡೆಗೇಟು ನಿಲ್ಲಿಸುತ್ತದಾ ನೋಡಿ. ಒಂದೇ ವೆಬ್‌ಹುಕ್ ಮೂರು ಸಲ ಕಳಿಸಿ. ಆಡಿಯೊ ಅರ್ಧದಲ್ಲಿ ಕೈಕೊಟ್ಟರೆ ಸಹಿ ಲಿಂಕ್ ಹೋಗದೆ ನಿಲ್ಲುತ್ತದಾ ನೋಡಿ.

ಆಡಿಯೊ ಪರೀಕ್ಷೆಗೆ ಕಾಗದ ನೋಡದೆ ಕೇಳುವ ಒಬ್ಬರನ್ನು ಕೂರಿಸಿ. ಕಾಗದ ನೋಡುತ್ತಾ ಕೇಳಿದರೆ ಕಣ್ಣು ಕಂಡದ್ದನ್ನೇ ಕಿವಿ ನಂಬುತ್ತದೆ. ಅವರು ಕೇಳಿಸಿಕೊಂಡ ಹೆಸರು, ಮೊತ್ತ, ದಿನಾಂಕ ಬರೆಯಲಿ. ಆಮೇಲೆ ಒಪ್ಪಂದದ ಜೊತೆ ಇಟ್ಟು ನೋಡಿ. ದಿನವೂ ಓಡುವಾಗ ಇದು ಆಗದ ಮಾತು, ಆಗ ಆಡಿಯೊವನ್ನು ಮಾತಿನಿಂದ ಬರಹಕ್ಕೆ ತಿರುಗಿಸುವ ಸೇವೆಗೆ ಕೊಟ್ಟು ಅಂಕಿಗಳನ್ನು ಮಾತ್ರ ಹೊಂದಿಸಿ. ಪದ ಪದ ಹೊಂದಿಸಲು ಹೋದರೆ ಸುಳ್ಳು ಎಚ್ಚರಿಕೆಗಳಲ್ಲೇ ದಿನ ಹೋಗುತ್ತದೆ.

ಫೋನಿನಲ್ಲಿ ನೆನಪಿಸಲೇಬೇಕು ಅನ್ನುವವರಿಗೆ

2024ರ ಫೆಬ್ರವರಿಯಲ್ಲಿ ಅಮೆರಿಕದ ದೂರಸಂಪರ್ಕ ಆಯೋಗ ಎಫ್‌ಸಿಸಿ, ಎಐ ತಯಾರಿಸಿದ ದನಿಯೂ ರೋಬೊಕಾಲ್ (ಯಂತ್ರವೇ ಮಾಡುವ ಕರೆ) ಕಾನೂನಿನ ಪ್ರಕಾರ 'ಕೃತಕ ದನಿ'ಯೇ ಎಂದು ಹೇಳಿತು. ಅಂದರೆ ಮುಂಚಿತವಾಗಿ ಒಪ್ಪಿಗೆ ಪಡೆಯದೆ ಅಂಥ ಕರೆ ಮಾಡುವ ಹಾಗಿಲ್ಲ. ನಿಮ್ಮ ಕರೆ ಹೋಗುವ ದೇಶದ ನಿಯಮವನ್ನು ಮೊದಲು ನೋಡಿಕೊಳ್ಳಿ. ಒಪ್ಪಿಗೆ ಇದ್ದರೂ ಕರೆಯಲ್ಲಿ ಮೊತ್ತ, ಒಪ್ಪಂದದ ವಿಷಯ ಹೇಳಬೇಡಿ. ಫೋನ್ ಯಾರು ಎತ್ತುತ್ತಾರೋ, ವಾಯ್ಸ್‌ಮೇಲ್ ಯಾರು ಕೇಳುತ್ತಾರೋ ಗೊತ್ತಿಲ್ಲ. "ನಿಮ್ಮ ಇಮೇಲ್‌ಗೆ ಒಂದು ದಾಖಲೆ ಬಂದಿದೆ, ಸಹಿ ಬಾಕಿ ಇದೆ. ಈ ಕರೆಯಲ್ಲಿ ಯಾವ ಒಟಿಪಿಯನ್ನೂ ಕೇಳುವುದಿಲ್ಲ" ಅಷ್ಟು ಹೇಳಿ ಫೋನ್ ಇಡಲಿ. ಕರೆ ಮಾಡುವ ಗಳಿಗೆಯಲ್ಲಿ ಸ್ಥಿತಿಯನ್ನು ಇನ್ನೊಮ್ಮೆ ನೋಡುವ ಒಂದು ನೋಡ್ ಇಡಿ. ಹತ್ತು ನಿಮಿಷದ ಹಿಂದೆ ಸಹಿ ಹಾಕಿದವರಿಗೆ ಸಹಿ ಬಾಕಿ ಅಂತ ಫೋನ್ ಹೋದರೆ, ಮರುಕ್ಷಣ ಅವರ ಫೋನ್ ನಿಮಗೆ ಬರುತ್ತದೆ.